ಸಾಣೆಚಕ್ರಕ್ಕೂ ಸಾಣೆ: ಸಮತಲ ಸಾಣೆಗಾರಿಕೆಯಲ್ಲಿ ಸುಡುವಿಕೆ ಮತ್ತು ಬಾಗುವಿಕೆಯ ನಿವಾರಣೆ
(ಚಿತ್ತಾಕುಲ ಪರಿಸರವನ್ನು ಲಕ್ಷಿಸಿ)

ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆ ಉತ್ತರ ದಂಡೆಯ ಮೇಲಿರುವ ಚಿತ್ತಾಕುಲವು ಪೋರ್ಚುಗೀಸರ ಬರೆಹಗಳಲ್ಲಿ ‘ಸಿಂತಾಕೋರಾ’ ಎಂದು ಕಾಣಿಸಿಕೊಳ್ಳುವ ಹಳೆಯ ನೆಲೆ. ಸೋದೆಯ ಅರಸ ಬಸವಲಿಂಗನು 1715ರಲ್ಲಿ ಇಲ್ಲಿಯ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ಅದಕ್ಕೆ ತನ್ನ ತಂದೆಯ ಹೆಸರನ್ನಿಟ್ಟ ಮೇಲೆ ಸದಾಶಿವಗಡವೆಂಬ ಹೆಸರು ರೂಢಿಗೆ ಬಂದಿತು. ಈ ಪ್ರದೇಶದ ಕೋಟೆ, ಬಂದರು, ವ್ಯಾಪಾರಗಳನ್ನು ಕುರಿತು ಸಾಕಷ್ಟು ಅಧ್ಯಯನ ನಡೆದಿದೆ. ಆದರೆ ಇದೇ ಪ್ರದೇಶದಲ್ಲಿ ಇತ್ತೀಚಿನ ದಶಕಗಳಲ್ಲಿ ಬೆಳೆದು ನಿಂತ ಯಂತ್ರಸಂಸ್ಕೃತಿಯತ್ತ ಕನ್ನಡ ವಿದ್ವತ್ತಿನ ಗಮನ ಹರಿದದ್ದು ಕಡಿಮೆ. ಕಾಳಿ ನದಿಯ ಮೇಲ್ಭಾಗದಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರದ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಕಾರವಾರದ ದಕ್ಷಿಣಕ್ಕೆ ಅಂಕೋಲೆಯತ್ತ ಹರಡಿಕೊಂಡ ಸೀಬರ್ಡ್ ಯೋಜನೆಯ ನೌಕಾನೆಲೆಯು 2005ರ ಮೇ 31ರಂದು ‘ಐ.ಎನ್.ಎಸ್. ಕದಂಬ’ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಇವುಗಳ ಜೊತೆಗೆ ಬೈತಖೋಲದ ಮೀನುಗಾರಿಕೆ ಬಂದರು ಇದೆ. ಹಡಗು, ಟರ್ಬೈನು, ದೋಣಿಯ ಡೀಸೆಲ್ ಎಂಜಿನು ಇವು ಒಂದಕ್ಕೊಂದು ಬಹು ದೂರದ ವಸ್ತುಗಳಾಗಿ ತೋರಿದರೂ ದುರಸ್ತಿಯ ದೃಷ್ಟಿಯಿಂದ ಇವುಗಳಿಗೆ ಒಂದು ಸಮಾನ ಅಗತ್ಯವಿದೆ. ಎರಡು ಲೋಹದ ಮೈಗಳು ಕೂದಲೆಳೆಯಷ್ಟೂ ಬಿರುಕಿಲ್ಲದೆ ಕೂಡಿಕೊಳ್ಳಬೇಕು. ಆ ಮೈಗಳನ್ನು ಸಮಗೊಳಿಸುವ ಕೊನೆಯ ಕೆಲಸ ಬಹಳ ಮಟ್ಟಿಗೆ ಸಾಣೆಯಂತ್ರದ್ದು.

‘ಸಾಣೆ’ ಎಂಬುದು ಸಂಸ್ಕೃತದ ‘ಶಾಣ’ ಶಬ್ದದ ತದ್ಭವ. ಗಂಧ ತೇಯುವ ಕಲ್ಲಿಗೂ ಕತ್ತಿ ಮಸೆಯುವ ಕಲ್ಲಿಗೂ ಕನ್ನಡದಲ್ಲಿ ಇದೇ ಹೆಸರು. ಮರಾಠಿಯಲ್ಲಿ ಗಂಧದ ಕಲ್ಲು ‘ಸಹಾಣ’ ಆಗಿದೆ. ಕಾಲಿನಿಂದ ತುಳಿದು ಚಕ್ರ ತಿರುಗಿಸುತ್ತ ಬೀದಿಬೀದಿಯಲ್ಲಿ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದವರನ್ನು ಕಂಡವರು ಈಗಲೂ ಇದ್ದಾರೆ. ಆದುದರಿಂದ ಕಾರ್ಖಾನೆಯ ಕನ್ನಡಿಗ ಕೆಲಸಗಾರರು ‘ಗ್ರೈಂಡಿಂಗ್ ವೀಲ್’ ಎಂದೇ ಕರೆಯುವ ವಸ್ತುವನ್ನು ಸಾಣೆಚಕ್ರವೆನ್ನುವುದರಲ್ಲಿ ಕೃತಕತೆಯೇನೂ ಇಲ್ಲ. ‘ಡ್ರೆಸ್ಸಿಂಗ್’ ಎಂಬ ಕ್ರಿಯೆಗೆ ಮಾತ್ರ ಸಿದ್ಧವಾದ ಒಂದೇ ಪದವಿಲ್ಲ. ಆದರೆ ಆ ಕ್ರಿಯೆಯ ಕಲ್ಪನೆ ನಮ್ಮ ಅಡುಗೆಮನೆಗೆ ಹೊಸದಲ್ಲ. ಬೀಸುವ ಕಲ್ಲು ನುಣುಪಾಗಿ ಹಿಟ್ಟು ಬಿಸಿಯಾಗತೊಡಗಿದಾಗ ಉಳಿ ಸುತ್ತಿಗೆಯವರನ್ನು ಕರೆಸಿ ಕಲ್ಲಿನ ಮೈಗೆ ಮತ್ತೆ ಕಚ್ಚು ಹೊಡೆಸುವುದು ವಾಡಿಕೆಯಾಗಿತ್ತು. ಕಲ್ಲು ಸವೆದು ನುಣುಪಾದರೆ ಅದು ಧಾನ್ಯವನ್ನು ಒಡೆಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಕಾವು ಏಳುತ್ತದೆ. ಉಕ್ಕಿನ ಮೇಲೆ ತಿರುಗುವ ಸಾಣೆಚಕ್ರದ ಸಮಸ್ಯೆಯೂ ಮೂಲತಃ ಇದೇ.

ನೈಸರ್ಗಿಕ ಕಲ್ಲಿನ ಜಾಗವನ್ನು ಕೃತಕ ಹರಳುಗಳು ಆಕ್ರಮಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ಪಡೆದನು. ಅದೇ ದಶಕದಲ್ಲಿ ಬಾಕ್ಸೈಟನ್ನು ಕರಗಿಸಿ ಅಲ್ಯೂಮಿನಿಯಂ ಆಕ್ಸೈಡ್ ಹರಳು ತಯಾರಿಸುವ ಕ್ರಮವೂ ಬಂದಿತು. 1957ರಲ್ಲಿ ರಾಬರ್ಟ್ ವೆಂಟಾರ್ಫ್ ಸೃಷ್ಟಿಸಿದ ಕ್ಯೂಬಿಕ್ ಬೋರಾನ್ ನೈಟ್ರೈಡ್ ಗಡಸುತನದಲ್ಲಿ ವಜ್ರಕ್ಕೆ ಮಾತ್ರ ಎರಡನೆಯದು. ಕರ್ನಾಟಕದ ಮಟ್ಟಿಗೆ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಮತ್ತು 1962ರಲ್ಲಿ ಆರಂಭವಾದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆಗಳು ನಿಖರ ಯಂತ್ರವಿದ್ಯೆಗೆ ನೆಲೆ ಒದಗಿಸಿದವು. ಎಚ್.ಎಂ.ಟಿ. ಎಂದೊಡನೆ ಜನ ಕೈಗಡಿಯಾರವನ್ನು ನೆನೆಯುತ್ತಾರೆ. ಆದರೆ ಆ ಸಂಸ್ಥೆ ಹುಟ್ಟಿದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ ಎಂಬುದನ್ನು ಮರೆಯುವಂತಿಲ್ಲ. ಅದರ ಹೆಸರು ಹೊತ್ತ ಸಾಣೆಯಂತ್ರಗಳು ದೇಶದ ಅನೇಕ ಟೂಲ್‌ರೂಮುಗಳಲ್ಲಿ ದುಡಿದಿವೆ.

ಚಕ್ರದ ರಚನೆ

ಸಾಣೆಚಕ್ರವು ಮೇಲ್ನೋಟಕ್ಕೆ ಇಡಿಯಾದ ಕಲ್ಲಿನಂತೆ ಕಂಡರೂ ಅದರೊಳಗೆ ಮೂರು ಅಂಶಗಳಿವೆ: ಕೊರೆಯುವ ಹರಳು, ಹರಳುಗಳನ್ನು ಹಿಡಿದಿಡುವ ಬಂಧಕ, ಮತ್ತು ಇವೆರಡರ ನಡುವಣ ರಂಧ್ರಗಳು. ರಂಧ್ರವೆಂದರೆ ಕೊರತೆಯಲ್ಲ, ಕೊರೆದ ಲೋಹದ ಚೂರು ತಂಗುವುದಕ್ಕೂ ತಂಪುದ್ರವ ಒಳಹೋಗುವುದಕ್ಕೂ ಅದೇ ಸ್ಥಳ. ಚಕ್ರದ ಮೇಲಿನ ಕಾಗದದಲ್ಲಿ ‘ಎ 46 ಎಚ್ 8 ವಿ’ ಎಂಬಂತಹ ಬರೆಹವಿರುತ್ತದೆ. ‘ಎ’ ಎಂದರೆ ಅಲ್ಯೂಮಿನಿಯಂ ಆಕ್ಸೈಡ್. 46 ಹರಳಿನ ಗಾತ್ರವನ್ನು ಸೂಚಿಸುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣದು. ‘ಎಚ್’ ಚಕ್ರದ ಗಡಸುತನ, 8 ರಚನೆಯ ಸಡಿಲತೆ, ‘ವಿ’ ಎಂದರೆ ಗಾಜಿನಂತಹ ಸುಟ್ಟಮಣ್ಣಿನ ಬಂಧಕ. ಇಲ್ಲಿ ಗಡಸುತನವೆಂಬ ಮಾತು ಹೊಸಬರನ್ನು ಸದಾ ದಾರಿ ತಪ್ಪಿಸುತ್ತದೆ. ಅದು ಹರಳಿನ ಗಡಸುತನವಲ್ಲ, ಬಂಧಕವು ಹರಳನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದರ ಅಳತೆ. ಮೊಂಡಾದ ಹರಳು ತಾನಾಗಿ ಉದುರಿ ಹಿಂದಿನ ಹೊಸ ಹರಳಿಗೆ ಎಡೆಮಾಡಿಕೊಡಬೇಕು. ಗಡಸು ಉಕ್ಕು ಹರಳನ್ನು ಬೇಗ ಮೊಂಡು ಮಾಡುವುದರಿಂದ ಅದಕ್ಕೆ ಮೃದು ಚಕ್ರವೂ, ಮೃದು ಉಕ್ಕಿಗೆ ಸ್ವಲ್ಪ ಗಡಸು ಚಕ್ರವೂ ಹೊಂದುತ್ತವೆ. ‘ಗಟ್ಟಿ ಲೋಹಕ್ಕೆ ಗಟ್ಟಿ ಚಕ್ರ’ ಎಂಬ ಸಹಜ ಊಹೆಯಿಂದ ಹಾಳಾದ ಅಚ್ಚುಗಳಿಗೆ ಲೆಕ್ಕವಿರಲಾರದು.

ಚಕ್ರವು ಸವೆಯುತ್ತ ಹೋದಂತೆ ಅದರ ವರ್ತನೆಯೂ ಬದಲಾಗುತ್ತದೆ. 200 ಮಿ.ಮೀ. ವ್ಯಾಸದ ಚಕ್ರ ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 29 ಮೀಟರು. ಅದೇ ಚಕ್ರ 150 ಮಿ.ಮೀ.ಗೆ ಸವೆದಾಗ ವೇಗವು 22 ಮೀಟರಿಗೆ ಇಳಿಯುತ್ತದೆ. ಆಗ ಪ್ರತಿ ಹರಳಿನ ಮೇಲೆ ಬೀಳುವ ಹೊರೆ ಹೆಚ್ಚಿ ಚಕ್ರ ಮೊದಲಿಗಿಂತ ಮೃದುವಾದಂತೆ ನಡೆದುಕೊಳ್ಳುತ್ತದೆ.

ಡ್ರೆಸ್ಸಿಂಗ್: ಕಚ್ಚು ಹೊಡೆಯುವ ಕ್ರಮ

ಕೆಲಸ ಮಾಡಿದ ಚಕ್ರ ಎರಡು ರೀತಿಯಲ್ಲಿ ಕೆಡುತ್ತದೆ. ಹರಳುಗಳ ಮೊನೆ ಸವೆದು ಚಕ್ರದ ಮೈ ಹೊಳೆಯುವಂತಾಗುವುದು ಒಂದು. ಅಲ್ಯೂಮಿನಿಯಂ, ತಾಮ್ರ, ಮೆತ್ತನೆಯ ಉಕ್ಕುಗಳ ಚೂರು ರಂಧ್ರಗಳಲ್ಲಿ ತುಂಬಿಕೊಳ್ಳುವುದು ಇನ್ನೊಂದು. ಎರಡರ ಫಲವೂ ಒಂದೇ. ಚಕ್ರ ಕೊರೆಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಇದಲ್ಲದೆ ಹೊಸದಾಗಿ ಕೂರಿಸಿದ ಚಕ್ರ ಅಕ್ಷಕ್ಕೆ ಸರಿಯಾಗಿ ವೃತ್ತಾಕಾರವಾಗಿರುವುದಿಲ್ಲ. ಅದನ್ನು ಸುತ್ತಿಗೆ ತರುವುದಕ್ಕೆ ‘ಟ್ರೂಯಿಂಗ್’ ಎಂದೂ, ಮೊನೆ ತರುವುದಕ್ಕೆ ‘ಡ್ರೆಸ್ಸಿಂಗ್’ ಎಂದೂ ಪ್ರತ್ಯೇಕ ಹೆಸರುಗಳಿವೆ. ಸುಟ್ಟಮಣ್ಣಿನ ಬಂಧಕದ ಚಕ್ರಗಳಲ್ಲಿ ಎರಡನ್ನೂ ಒಂದೇ ವಜ್ರದ ಮೊನೆ ನೆರವೇರಿಸುವುದರಿಂದ ಕಾರ್ಯಾಗಾರದ ಮಾತಿನಲ್ಲಿ ಈ ಭೇದ ಅಳಿಸಿಹೋಗಿದೆ.

ವಜ್ರವನ್ನು ಇಡುವ ಸ್ಥಾನ ಮುಖ್ಯವಾದುದು. ಸಮತಲ ಸಾಣೆಯಂತ್ರದಲ್ಲಿ ವಜ್ರದ ಹಿಡಿಕೆಯನ್ನು ಮ್ಯಾಗ್ನೆಟಿಕ್ ಚಕ್‌ನ ಮೇಲೆ ಕೂರಿಸಿ ಚಕ್ರವನ್ನು ಮೇಲಿಂದ ಇಳಿಸಲಾಗುತ್ತದೆ. ವಜ್ರವು ಚಕ್ರದ ನಟ್ಟನಡುವಿನ ಲಂಬರೇಖೆಯ ಕೆಳಗೆ ಇರಕೂಡದು. ಚಕ್ರದ ಮೈ ಹೊರಟುಹೋಗುವ ಬದಿಗೆ ತುಸು ಸರಿದಿರಬೇಕು. ಎದುರು ನಿಂತು ನೋಡಿದಾಗ ಚಕ್ರ ಬಲಸುತ್ತಾಗಿ ತಿರುಗುತ್ತಿದ್ದರೆ ಅದರ ಕೆಳಮೈ ಬಲದಿಂದ ಎಡಕ್ಕೆ ಚಲಿಸುತ್ತದೆ, ಆದ್ದರಿಂದ ವಜ್ರದ ಸ್ಥಾನ ಎಡಕ್ಕೆ. ಹೀಗಿದ್ದಾಗ ಆಕಸ್ಮಿಕವಾಗಿ ಹಿಡಿಕೆ ಜಾರಿದರೂ ಚಕ್ರ ಅದನ್ನು ಹೊರಕ್ಕೆ ತಳ್ಳುತ್ತದೆ. ಬಲಕ್ಕಿದ್ದರೆ ಒಳಕ್ಕೆ ಎಳೆದುಕೊಂಡು ವಜ್ರ, ಚಕ್ರಗಳೆರಡೂ ಹೋಗುತ್ತವೆ. ಹಿಡಿಕೆಯಲ್ಲಿ ವಜ್ರವು ಚಕ್ರ ತಿರುಗುವ ದಿಕ್ಕಿಗೆ 10ರಿಂದ 15 ಡಿಗ್ರಿ ವಾಲಿರಬೇಕು. ಹಿಡಿಕೆಯನ್ನು ಆಗಾಗ ಸ್ವಲ್ಪ ತಿರುಗಿಸಿದರೆ ವಜ್ರಕ್ಕೆ ಹೊಸ ಮೊನೆ ದೊರೆಯುತ್ತದೆ. ಇಲ್ಲವಾದರೆ ಮೊನೆ ಚಪ್ಪಟೆಯಾಗಿ, ಮೊಂಡು ವಜ್ರ ಮೊಂಡು ಚಕ್ರವನ್ನೇ ಸೃಷ್ಟಿಸುತ್ತದೆ. ಒಮ್ಮೆಗೆ ಇಳಿಸುವ ಆಳ 0.01ರಿಂದ 0.025 ಮಿ.ಮೀ. ಸಾಕು. ತಂಪುದ್ರವ ಹರಿಸುವುದಾದರೆ ಮೊದಲಿನಿಂದಲೇ ಹರಿಸಬೇಕು. ಕಾದ ವಜ್ರದ ಮೇಲೆ ನಡುವೆ ನೀರು ಬಿದ್ದರೆ ವಜ್ರ ಸೀಳುತ್ತದೆ.

ಇವೆಲ್ಲ ಕೈಪಿಡಿಗಳಲ್ಲಿ ದೊರೆಯುವ ಸಂಗತಿಗಳು. ಆದರೆ ವಜ್ರವನ್ನು ಚಕ್ರದ ಅಗಲಕ್ಕೆ ಎಷ್ಟು ವೇಗವಾಗಿ ಸರಿಸಬೇಕೆಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಸುಡುವಿಕೆಯ ಬಹುಪಾಲು ಕಾರಣ ಇಲ್ಲಿಯೇ ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗದು. 20 ಮಿ.ಮೀ. ಅಗಲದ ಚಕ್ರ ನಿಮಿಷಕ್ಕೆ 2,800 ಸುತ್ತು ತಿರುಗುತ್ತಿದೆಯೆಂದಿಟ್ಟುಕೊಳ್ಳೋಣ. ವಜ್ರವು ನಾಲ್ಕು ಸೆಕೆಂಡಿನಲ್ಲಿ ಈ ಅಗಲವನ್ನು ದಾಟಿದರೆ ಒಂದು ಸುತ್ತಿಗೆ ಅದು ಸರಿಯುವ ದೂರ ಸುಮಾರು 0.1 ಮಿ.ಮೀ. 46ನೆಯ ಗಾತ್ರದ ಹರಳಿನ ಅಡ್ಡಳತೆ ಸುಮಾರು 0.35 ಮಿ.ಮೀ. ಎಂದರೆ ಪ್ರತಿ ಹರಳಿಗೂ ಮೂರು ನಾಲ್ಕು ಬಾರಿ ವಜ್ರ ತಾಗಿ ಹರಳು ಒಡೆದು ಚೂಪಾದ ಅಂಚುಗಳು ಮೂಡುತ್ತವೆ. ಹೊಳಪು ಬರಲೆಂದು ಕೆಲಸಗಾರನು ಅದೇ ದೂರವನ್ನು ನಲವತ್ತು ಸೆಕೆಂಡಿನಲ್ಲಿ ದಾಟಿಸಿದರೆ ಪ್ರತಿ ಹರಳಿಗೂ ಮೂವತ್ತಕ್ಕೂ ಹೆಚ್ಚು ಬಾರಿ ವಜ್ರ ತಾಗುತ್ತದೆ. ಹರಳು ಆಗ ಒಡೆಯುವುದಿಲ್ಲ, ಅದರ ತಲೆ ಸಪಾಟಾಗಿ ಕತ್ತರಿಸಿಹೋಗುತ್ತದೆ. ಅಂತಹ ಚಕ್ರವನ್ನು ಮುಟ್ಟಿದರೆ ನಯ, ನೋಡಿದರೆ ಚೆಲುವು, ಆದರೆ ಅದು ಹುಟ್ಟುತ್ತಲೇ ಮೊಂಡು. ಅದು ಕೊಡುವ ಹೊಳಪಿನ ಕೆಳಗೆ ಸುಟ್ಟ ಉಕ್ಕು ಇರುತ್ತದೆ. ಆದಕಾರಣ ಮೊದಲ ಒರಟು ಸಾಣೆಗೆ ವಜ್ರವನ್ನು ಚುರುಕಾಗಿಯೂ, ಕೊನೆಯ ಒಂದೆರಡು ಹಾಯುವಿಕೆಗೆ ಮಾತ್ರ ತುಸು ನಿಧಾನವಾಗಿಯೂ ಸರಿಸುವುದು ಉಚಿತ.

ಸುಡುವಿಕೆ

ಲೇಥಿನ ಹತ್ಯಾರವು ಲೋಹವನ್ನು ಚೂಪು ಕೋನದಿಂದ ಸುಲಿಯುತ್ತದೆ. ಸಾಣೆಯ ಹರಳು ಹಾಗಲ್ಲ. ಅದರ ಮುಖ ಲೋಹಕ್ಕೆ ಎದುರಾಗಿ ವಾಲಿರುವುದರಿಂದ ಕೊರೆಯುವ ಮೊದಲು ಉಜ್ಜುತ್ತದೆ, ಉಳುತ್ತದೆ. ಹೀಗಾಗಿ ಅಷ್ಟೇ ಲೋಹವನ್ನು ತೆಗೆಯಲು ಸಾಣೆಗೆ ಹಲವು ಪಟ್ಟು ಹೆಚ್ಚು ಶಕ್ತಿ ಬೇಕು. ಲೇಥಿನಲ್ಲಿ ಕಾವಿನ ಬಹುಭಾಗ ಸಿಬಿರಿನೊಡನೆ ಹೊರಟುಹೋದರೆ ಸಾಮಾನ್ಯ ಅಲ್ಯೂಮಿನಿಯಂ ಆಕ್ಸೈಡ್ ಚಕ್ರದ ಸಾಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾವು ಕೆಲಸದ ತುಂಡಿನೊಳಕ್ಕೇ ಇಳಿಯುತ್ತದೆ. ಬೋರಾನ್ ನೈಟ್ರೈಡ್ ಹರಳು ಕಾವನ್ನು ತಾನೇ ಬೇಗ ಹೀರಿಕೊಳ್ಳುವುದರಿಂದ ಅದರ ಚಕ್ರ ತಂಪಾಗಿ ಕೊರೆಯುತ್ತದೆ. ಅದರ ಬೆಲೆ ಮಾತ್ರ ಸಣ್ಣ ಕಾರ್ಯಾಗಾರಕ್ಕೆ ಭಾರ.

ಮೈಯ ತಾಪಮಾನ 220 ಡಿಗ್ರಿ ಸೆಲ್ಸಿಯಸ್ ದಾಟುವಾಗ ಹುಲ್ಲಿನ ಹಳದಿ, 300ರ ಆಸುಪಾಸಿನಲ್ಲಿ ನೀಲಿ ಬಣ್ಣ ಕಾಣಿಸುತ್ತದೆ. ಹದ ಕೊಟ್ಟ ಉಕ್ಕು ತಾನು ಪಡೆದ ಹದಕ್ಕಿಂತ ಹೆಚ್ಚು ಕಾದರೆ ಅಲ್ಲಿ ಮೆತ್ತಗಾಗುತ್ತದೆ. ಕ್ಷಣಮಾತ್ರಕ್ಕೆ 727 ಡಿಗ್ರಿಯ ಗಡಿ ದಾಟಿದರೆ ಇನ್ನೊಂದು ಬಗೆಯ ಅನಾಹುತ ನಡೆಯುತ್ತದೆ. ಮೇಲ್ಪದರ ಆಸ್ಟನೈಟ್ ರೂಪಕ್ಕೆ ತಿರುಗಿ, ಕೆಳಗಿನ ತಣ್ಣನೆಯ ಲೋಹದಿಂದ ಒಮ್ಮೆಗೇ ಕಾವು ಕಳೆದುಕೊಂಡು, ಹದವಿಲ್ಲದ ಪೆಡಸು ಮಾರ್ಟನ್‌ಸೈಟ್ ಆಗಿ ನಿಲ್ಲುತ್ತದೆ. ಅದರ ಅಡಿಯಲ್ಲಿ ಮೆತ್ತಗಾದ ಪದರ. ಸಾಣೆಯ ದಿಕ್ಕಿಗೆ ಅಡ್ಡಲಾಗಿ ಹುಟ್ಟುವ ಸೂಕ್ಷ್ಮ ಬಿರುಕುಗಳು ಇಂತಹ ಮೈಯ ಲಕ್ಷಣ.

ಇದರಲ್ಲಿ ಅಪಾಯಕರವಾದುದು ಬಣ್ಣವಲ್ಲ, ಬಣ್ಣವನ್ನು ಅಳಿಸುವ ಅಭ್ಯಾಸ. ನೀಲಿ ಕಲೆ ಮೈಕ್ರಾನಿಗಿಂತಲೂ ತೆಳುವಾದ ಆಕ್ಸೈಡ್ ಪೊರೆ ಮಾತ್ರ. ಹೊಸ ಆಳ ಕೊಡದೆ ಎರಡು ಬಾರಿ ಚಕ್ರ ಹಾಯಿಸಿದರೆ ಅದು ಮಾಯವಾಗಿ ತುಂಡು ಹೊಳೆಯುತ್ತದೆ. ಕೆಟ್ಟ ಪದರವಾದರೋ ನೂರು ಮೈಕ್ರಾನಿನವರೆಗೂ ಇಳಿದಿರಬಹುದು. ಹೀಗೆ ಹೊಳೆಯುವ ಬೇರಿಂಗ್ ಉಂಗುರವೋ ಕವಾಟದ ಪೀಠವೋ ತಪಾಸಣೆಯಲ್ಲಿ ಅಳತೆಗೆ ಸರಿಯಾಗಿ ಪಾಸಾಗಿ, ಸಮುದ್ರದ ನಡುವೆ ಹಡಗಿನಲ್ಲಿ ಬಿರಿಯುವ ಸಂಭವವಿದೆ. ಇದನ್ನು ಪತ್ತೆಹಚ್ಚಲು ಮದ್ಯಸಾರದಲ್ಲಿ ಶೇಕಡಾ 3ರಿಂದ 5ರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ‘ನೈಟಾಲ್’ ದ್ರಾವಣವನ್ನು ಬಳಸುತ್ತಾರೆ. ಸರಿಯಾದ ಉಕ್ಕು ಏಕರೂಪದ ಬೂದು ಬಣ್ಣಕ್ಕೆ ತಿರುಗಿದರೆ ಮೆತ್ತಗಾದ ಜಾಗ ಕಪ್ಪಾಗಿಯೂ, ಮರುಗಡಸಾದ ಜಾಗ ಕಪ್ಪು ಅಂಚಿನ ನಡುವೆ ಬೆಳ್ಳಗೂ ಕಾಣುತ್ತದೆ.

ನಿವಾರಣೋಪಾಯಗಳಲ್ಲಿ ಒಂದು ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿದೆ. ಸುಡುತ್ತಿದೆ ಎಂದು ಕಂಡಾಗ ಮೇಜಿನ ಓಟವನ್ನು ನಿಧಾನಿಸುವುದು ಅನೇಕರ ರೂಢಿ. ಚಕ್ರದ ವ್ಯಾಸ 200 ಮಿ.ಮೀ., ಆಳ 0.02 ಮಿ.ಮೀ., ಮೇಜಿನ ವೇಗ ನಿಮಿಷಕ್ಕೆ 7.5 ಮೀಟರು ಇದ್ದಾಗ ಚಕ್ರವೂ ಲೋಹವೂ ತಾಗಿರುವ ಉದ್ದ 2 ಮಿ.ಮೀ. ಕಾವಿನ ಪಟ್ಟಿ ಒಂದು ಬಿಂದುವಿನ ಮೇಲೆ ನಿಲ್ಲುವ ಅವಧಿ 16 ಮಿಲಿಸೆಕೆಂಡು. ಆಳವನ್ನು ಅರ್ಧಕ್ಕಿಳಿಸಿ ವೇಗವನ್ನು ಇಮ್ಮಡಿಸಿದರೆ ತೆಗೆಯುವ ಲೋಹ ಅಷ್ಟೇ ಇದ್ದರೂ ಆ ಅವಧಿ 6 ಮಿಲಿಸೆಕೆಂಡಿಗೂ ಕೆಳಗಿಳಿಯುತ್ತದೆ. ಬಿಸಿ ಹಂಚಿನ ಮೇಲೆ ಬೆರಳನ್ನು ಬೇಗ ಸರಿಸಿದವನಿಗೆ ಸುಡದು.

ಬಾಗುವಿಕೆ

ತೆಳು ತಗಡಿನ ಸಾಣೆಯಲ್ಲಿ ಸುಡುವಿಕೆಗಿಂತ ಬಾಗುವಿಕೆ ಹೆಚ್ಚು ಕಾಡುತ್ತದೆ. ಇದಕ್ಕೆ ಕಲೆ ಬೀಳುವಷ್ಟು ಕಾವು ಬೇಕಿಲ್ಲ. 150 ಮಿ.ಮೀ. ಉದ್ದ, 10 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯ ಮೇಲ್ಮೈ ಕೆಳಮೈಗಿಂತ ಕೇವಲ 10 ಡಿಗ್ರಿ ಬಿಸಿಯಾದರೂ ಮುಕ್ತವಾಗಿರುವ ಪಟ್ಟಿಯ ನಡುಭಾಗ 0.03 ಮಿ.ಮೀ. ಉಬ್ಬುತ್ತದೆ. ಒಮ್ಮೆಗೆ ಕೊಡುವ ಆಳವೇ 0.01 ಮಿ.ಮೀ. ಇರುವಾಗ ಇದು ಮೂರು ಪಟ್ಟು. ಪಟ್ಟಿಯ ಉದ್ದ ಇಮ್ಮಡಿಸಿದರೆ ಉಬ್ಬು ನಾಲ್ಮಡಿ, ದಪ್ಪ ಅರ್ಧವಾದರೆ ಉಬ್ಬು ಎರಡರಷ್ಟು. ಉಬ್ಬಿದ ನಡುವನ್ನು ಚಕ್ರ ಹೆಚ್ಚು ಕೊರೆಯುತ್ತದೆ. ತಣಿದ ಮೇಲೆ ನಡು ತಗ್ಗಾಗಿ ಕಾಣಿಸುತ್ತದೆ. ಕಾವು ಅತಿಯಾಗಿದ್ದರೆ ಮೇಲ್ಪದರ ಹಿಗ್ಗಲು ಎಡೆಯಿಲ್ಲದೆ ಅಲ್ಲಿಯೇ ನಜ್ಜುಗುಜ್ಜಾಗಿ, ತಣಿಯುವಾಗ ಕುಗ್ಗಿ ಎಳೆತಕ್ಕೆ ಸಿಲುಕುತ್ತದೆ. ಆ ಎಳೆತ ಪಟ್ಟಿಯ ತುದಿಗಳನ್ನು ಸಾಣೆಯಾದ ಬದಿಗೆ ಎತ್ತುತ್ತದೆ. ಎರಡು ಕಾರಣಗಳೂ ಒಂದೇ ದಿಕ್ಕಿಗೆ ಕೂಡಿಕೊಳ್ಳುವುದು ಕೆಲಸಗಾರನ ದುರದೃಷ್ಟ.

ಮೊದಲೇ ಬಾಗಿದ ಪಟ್ಟಿಯನ್ನು ಮ್ಯಾಗ್ನೆಟಿಕ್ ಚಕ್‌ನ ಮೇಲಿಟ್ಟು ಪೂರ್ಣ ಬಲ ಕೊಟ್ಟರೆ ಅಯಸ್ಕಾಂತ ಅದನ್ನು ಎಳೆದು ಮಟ್ಟ ಮಾಡುತ್ತದೆ. ಸಾಣೆ ಸೊಗಸಾಗಿ ಮುಗಿಯುತ್ತದೆ. ಸ್ವಿಚ್ ಆರಿಸಿದೊಡನೆ ಪಟ್ಟಿ ತನ್ನ ಹಳೆಯ ಡೊಂಕಿಗೆ ಮರಳುತ್ತದೆ. ಇದಕ್ಕೆ ಅನುಭವಿಗಳು ಅನುಸರಿಸುವ ದಾರಿ ತಾಳ್ಮೆಯದು. ಪಟ್ಟಿಯ ಅಡಿಯಲ್ಲಿ ಸಂದಿರುವೆಡೆ ಕಾಗದವನ್ನೋ ತೆಳು ಶಿಮ್ಮನ್ನೋ ತುರುಕಿ, ಅಯಸ್ಕಾಂತದ ಬಲವನ್ನು ತಗ್ಗಿಸಿ, ಸುತ್ತ ತಡೆಪಟ್ಟಿಗಳನ್ನಿಟ್ಟು ಹಗುರವಾಗಿ ಒಂದು ಬದಿಯ ಎತ್ತರದ ಬಿಂದುಗಳನ್ನಷ್ಟೇ ತೆಗೆಯಬೇಕು. ಬಳಿಕ ಮಗುಚಿ, ಆ ಹೊಸ ಮೈಯನ್ನು ಆಧಾರ ಮಾಡಿಕೊಂಡು ಇನ್ನೊಂದು ಬದಿ, ಮತ್ತೆ ಮಗುಚಬೇಕು. ಎರಡೂ ಬದಿಯಿಂದ ಸರಿಸಮನಾಗಿ ಲೋಹ ತೆಗೆದಷ್ಟೂ ಒಳಗಿನ ಎಳೆತಗಳು ಸಮತೂಗುತ್ತವೆ. ನಡುವೆ ತುಂಡು ತಣಿಯಲು ಬಿಡುವುದು, ಗಡಸುಗೊಳಿಸುವ ಮೊದಲೇ ಒಳಬಿಗಿ ಕಳೆಯುವ ಕಾಯಿಸುವಿಕೆ ಮಾಡಿಸುವುದು ಇವೂ ಸೇರುತ್ತವೆ. ಹೀಗೆ ಆರೆಂಟು ಬಾರಿ ಮಗುಚುವುದು ಗುತ್ತಿಗೆಯ ದರದಲ್ಲಿ ಕೆಲಸ ಮಾಡುವವರಿಗೆ ನಷ್ಟವೆಂಬುದೂ ನಿಜ. ಅಸಲು ತೊಡಕು ಅಲ್ಲಿದೆ.

ಕರಾವಳಿಯ ಹವೆ ಮತ್ತು ತಂಪುದ್ರವ

ಬೆಂಗಳೂರಿನ ಕೈಪಿಡಿಯನ್ನು ಕಾರವಾರದಲ್ಲಿ ಅಕ್ಷರಶಃ ಅನುಸರಿಸಲಾಗದ ವಿಷಯವೊಂದಿದ್ದರೆ ಅದು ತಂಪುದ್ರವ. ಕರಗುವ ಎಣ್ಣೆಯನ್ನು ನೀರಿಗೆ ಶೇಕಡಾ 2ರಿಂದ 5ರ ಪ್ರಮಾಣದಲ್ಲಿ ಬೆರೆಸಿದ ಹಾಲಿನಂತಹ ದ್ರವ ಇದು. ಎಣ್ಣೆಯನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಎಣ್ಣೆಗಲ್ಲ. ಎಣ್ಣೆ ಕಡಿಮೆಯಾದಷ್ಟು ತಂಪು ಹೆಚ್ಚು, ಆದರೆ ತುಕ್ಕಿನಿಂದ ರಕ್ಷಣೆ ಕಡಿಮೆ. ಒಣಹವೆಯ ಬಯಲುಸೀಮೆಯಲ್ಲಿ ಶೇಕಡಾ 2 ನಡೆದೀತು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ, ಗಾಳಿಯಲ್ಲೇ ಉಪ್ಪಿರುವ ಈ ದಂಡೆಯಲ್ಲಿ ಸಂಜೆ ಸಾಣೆಯಾದ ಮೈ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಆದ್ದರಿಂದ ಇಲ್ಲಿ ಪ್ರಮಾಣವನ್ನು ಮೇಲಿನ ಅಂಚಿನಲ್ಲಿಟ್ಟು, ಮುಗಿದ ತುಂಡನ್ನು ಕೂಡಲೇ ಒರೆಸಿ ಎಣ್ಣೆ ಸವರುವುದು ಅನಿವಾರ್ಯ. ಕಾಳಿಯ ಅಳಿವೆಯಲ್ಲಿ ಉಬ್ಬರದ ನೀರು ಒಳನಾಡಿಗೆ ನುಗ್ಗುತ್ತದೆ. ಅಂತಹ ದಂಡೆಯ ಬಾವಿ ಬೇಸಿಗೆಯಲ್ಲಿ ಉಪ್ಪಾದರೆ ಆ ನೀರು ಎಣ್ಣೆಯ ಬೆರಕೆಯನ್ನು ಒಡೆಯುವುದಲ್ಲದೆ ಕ್ಲೋರೈಡಿನಿಂದ ತುಕ್ಕನ್ನೂ ಹೆಚ್ಚಿಸುತ್ತದೆ. 1930ರಲ್ಲಿ ಅಂಕೋಲೆಯ ಜನ ಸತ್ಯಾಗ್ರಹ ಮಾಡಿ ಎತ್ತಿದ ಉಪ್ಪು ಯಂತ್ರಶಾಲೆಗೆ ಮಾತ್ರ ಬೇಡದ ಅತಿಥಿ. ಶೇಖರಿಸಿದ ಮಳೆನೀರು ಇದಕ್ಕೆ ಒಳ್ಳೆಯ ಪರಿಹಾರ. ಅದು ಈ ಸೀಮೆಯಲ್ಲಿ ದುರ್ಲಭವೂ ಅಲ್ಲ.

ದ್ರವ ಹರಿಯುತ್ತಿದೆ ಎಂದ ಮಾತ್ರಕ್ಕೆ ಅದು ತಾಗಬೇಕಾದಲ್ಲಿ ತಾಗುತ್ತಿದೆ ಎನ್ನಲಾಗದು. ತಿರುಗುವ ಚಕ್ರ ತನ್ನ ಸುತ್ತ ಗಾಳಿಯ ಪದರವೊಂದನ್ನು ಎಳೆದೊಯ್ಯುತ್ತದೆ. ದುರ್ಬಲ ಧಾರೆಯನ್ನು ಆ ಗಾಳಿ ಪಕ್ಕಕ್ಕೆ ತಳ್ಳುತ್ತದೆ. ನಳಿಗೆಯನ್ನು ಸಂಪರ್ಕಬಿಂದುವಿನ ಹತ್ತಿರಕ್ಕೆ ತಂದು, ಚಕ್ರಕ್ಕೆ ತಾಗುವಂತಿರುವ ಸಣ್ಣ ತಗಡಿನಿಂದ ಗಾಳಿಯನ್ನು ಕೆರೆದು ತೆಗೆದರೆ ಅದೇ ಪಂಪು ಹೆಚ್ಚು ಫಲ ಕೊಡುತ್ತದೆ. ಕೆಲಸ ಮುಗಿದಾಗ ಮೊದಲು ದ್ರವವನ್ನು ನಿಲ್ಲಿಸಿ, ಚಕ್ರವನ್ನು ಕೆಲವು ನಿಮಿಷ ಬರಿದೇ ತಿರುಗಿಸಿ ಒಣಗಿಸಬೇಕು. ಇಲ್ಲದಿದ್ದರೆ ರಂಧ್ರಗಳಲ್ಲಿನ ನೀರು ರಾತ್ರಿ ಕೆಳಭಾಗಕ್ಕೆ ಇಳಿದು, ಮರುದಿನ ಚಕ್ರ ತೂಕ ತಪ್ಪಿ ನಡುಗುತ್ತದೆ. ಒರೆದಾಗ ‘ಟಣ್’ ಎನ್ನದ, ಒಡಕು ದನಿಯ ಚಕ್ರವನ್ನು ಯಂತ್ರಕ್ಕೆ ಏರಿಸಲೇಬಾರದು. ಸೆಕೆಂಡಿಗೆ 29 ಮೀಟರು ವೇಗದಲ್ಲಿ ಸಿಡಿಯುವ ಕಲ್ಲು ಕೆಲಸಗಾರನ ಪ್ರಾಣವನ್ನೇ ತೆಗೆಯಬಲ್ಲುದು.

ದೋಣಿಯ ಎಂಜಿನ್ನಿಗೆ ಸಂಬಂಧಿಸಿ ಒಂದು ವಿಶೇಷವನ್ನು ಸೇರಿಸಬೇಕು. ತಂಪುನೀರಿನ ದಾರಿ ಕಟ್ಟಿ ಅತಿಯಾಗಿ ಕಾದ ಎಂಜಿನ್ನಿನ ಸಿಲಿಂಡರ್ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸೋರುತ್ತದೆ. ಹೆಡ್ಡನ್ನು ಪಟ್ಟಿಯಂತೆ ಮಗುಚಿ ಮಗುಚಿ ಸಾಣೆ ಹಿಡಿಯಲು ಬಾರದು. ಕೆಲಸ ಒಂದೇ ಮೈಯದು. ಆದುದರಿಂದ ನೇರ ಅಂಚಿನ ಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ಡೊಂಕನ್ನು ಮೊದಲೇ ಗುರುತಿಸಿಕೊಳ್ಳಬೇಕು. ಬೀಡುಕಬ್ಬಿಣದ ಹೆಡ್ಡಿಗೆ ಸಿಲಿಕಾನ್ ಕಾರ್ಬೈಡ್ ಚಕ್ರ ಹೊಂದುತ್ತದೆ. ಅಲ್ಯೂಮಿನಿಯಂ ಹೆಡ್ಡಾದರೆ ಚಕ್ರದ ರಂಧ್ರಗಳು ಕಟ್ಟಿಕೊಳ್ಳುವುದರಿಂದ ಮಿಲ್ಲಿಂಗ್ ಯಂತ್ರವೇ ಮೇಲು. ತೆಗೆದ ಪ್ರತಿ ಹತ್ತನೇ ಒಂದು ಮಿಲಿಮೀಟರಿಗೂ ದಹನಕೋಶ ಅಷ್ಟು ಚಿಕ್ಕದಾಗಿ, ಕವಾಟಗಳು ಪಿಸ್ಟನ್ನಿಗೆ ಅಷ್ಟು ಹತ್ತಿರವಾಗುತ್ತವೆ. ಹೀಗಾಗಿ ಹಿಂದೆ ಎಷ್ಟು ಬಾರಿ ಸಾಣೆಯಾಗಿದೆಯೆಂಬುದನ್ನು ತಿಳಿಯಲು ಹೆಡ್ಡಿನ ಈಗಿನ ಎತ್ತರವನ್ನು ಅಳೆದು, ಎಂಜಿನ್ ತಯಾರಕರು ಕೊಟ್ಟ ಕನಿಷ್ಠ ಎತ್ತರದೊಡನೆ ಹೋಲಿಸಿದ ಬಳಿಕವೇ ಚಕ್ರವನ್ನು ಇಳಿಸತಕ್ಕದ್ದು.